ಮೂರನೆಯ ಗಂಟೆಯ ಜಾಗ

ಏಪ್ರಿಲ್ ಮೊದಲ ವಾರ ನಾನು ಬೆಂಗಳೂರಿಗೆ ಮರಳಿದೆ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಕತ್ರಿಗುಪ್ಪೆಯ ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂರುತ್ತಿದ್ದೆ. ಆಗ ಇಂಗ್ಲೆಂಡಿನಲ್ಲಿ ಬೆಳಗಿನ ಒಂಬತ್ತೂವರೆ. ನಾನು ಹದಿಮೂರು ತಿಂಗಳು ಇದ್ದ ಹಳ್ಳಿಯ ಚರ್ಚಿನಲ್ಲಿ ಪ್ರಾರ್ಥನೆಗೆ ಮುಂಚೆ ಮೂವತ್ತು ನಿಮಿಷ ಗಂಟೆ ಬಾರಿಸುತ್ತಾರೆ. ಬಾರಿಸುವವರ ಮುಖ್ಯಸ್ಥೆ ತಮ್ಮ ಫೋನಿನಿಂದ ಕರೆಮಾಡಿ, ಅದನ್ನು ಬೆಂಚಿನ ಮೇಲಿಟ್ಟು ನನಗೆ ಕೇಳಿಸುತ್ತಿದ್ದರು. ಅಕ್ಟೋಬರ್ ಕೊನೆಗೆ ಇಪ್ಪತ್ತೊಂಬತ್ತು ಭಾನುವಾರ ಕಳೆದಿದ್ದವು. ಇಪ್ಪತ್ತಾರು ಸಲ ಕೇಳಿದ್ದೆ. ಎರಡು ಸಲ ನೆಟ್‌ವರ್ಕ್ ಇರಲಿಲ್ಲ, ಒಂದು ಸಲ ಅರೆಕೆರೆಯಲ್ಲಿ ಮದುವೆ ಇತ್ತು.

ಆ ಹಳ್ಳಿಯಲ್ಲಿ ನಲವತ್ತೊಂದು ಮನೆ, ಒಂದೇ ಬೀದಿ, ದಿನಕ್ಕೆ ಎರಡು ಬಸ್ಸು. ಊರಾಚೆಯ ವೃದ್ಧಾಶ್ರಮದಲ್ಲಿ ನನಗೆ ಹಿರಿಯರನ್ನು ನೋಡಿಕೊಳ್ಳುವ ಕೆಲಸ. ಏಳೆಂಟು ನೂರು ವರ್ಷ ಹಳೆಯದೆನ್ನುವ ಚರ್ಚು ಬೀದಿಯ ತುದಿಯಲ್ಲಿತ್ತು. ಸುತ್ತ ವಾಲಿದ ಸಮಾಧಿಕಲ್ಲುಗಳು, ಅವುಗಳ ನಡುವೆ ಹುಲ್ಲು ಮೇಯುವ ಎರಡು ಕುರಿ. ರಜೆಯ ದಿನ ಮಾತಾಡಲು ಯಾರೂ ಸಿಗದೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಂದು ಸಂಜೆ ಗೋಪುರದ ಕೆಳಗಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋದೆ. ಮೇಲಿನಿಂದ ಆರು ಹಗ್ಗ ಇಳಿಬಿದ್ದಿದ್ದವು. ಗುಡಿಗೆ ಹೋದಾಗ ಕೈ ತಾನಾಗಿ ಗಂಟೆಗೆ ಏಳುತ್ತದಲ್ಲ, ಹಾಗೆಯೇ ಹತ್ತಿರದ ಹಗ್ಗಕ್ಕೆ ಕೈ ಚಾಚಿದೆ.

"ಮುಟ್ಟಬೇಡ!" ಎಂದು ಒಬ್ಬ ಮುದುಕಿ ಕಿರುಚಿದರು.

ಅವರೇ ಮುಖ್ಯಸ್ಥೆ. ಎಪ್ಪತ್ತು ದಾಟಿದವರು, ಹಿಂದೆ ಆ ಸೀಮೆಯಲ್ಲಿ ಅಂಚೆ ಹಂಚುತ್ತಿದ್ದವರು. ಆ ಗಂಟೆಗಳು ಚಕ್ರಕ್ಕೆ ಕಟ್ಟಿದವು, ಬಾರಿಸುವ ಮುಂಚೆ ಬಾಯಿ ಮೇಲಾಗಿ ನಿಂತಿರುತ್ತವೆ, ತಿಳಿಯದವರು ಎಳೆದರೆ ಹಗ್ಗ ಆಳನ್ನೇ ಮೇಲಕ್ಕೆ ಹೊತ್ತೊಯ್ಯುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನ ಕಾಲುಚೀಲ ನೋಡಿ ನಕ್ಕರು. "ಕಲಿಯುತ್ತೀಯಾ? ನಾವು ಐದೇ ಜನ. ಮೂರನೆಯದಕ್ಕೆ ಯಾರೂ ಇಲ್ಲ. ಆದರೆ ಶೂ ಹಾಕಿಕೊಂಡು ಬಾ."

ಒಬ್ಬಳೇ ಬಾರಿಸಲು ಹನ್ನೊಂದು ವಾರ ಹಿಡಿಯಿತು. ಅಲ್ಲಿ ರಾಗವಿಲ್ಲ, ಸರದಿ ಮಾತ್ರ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಎರಡನೆಯದರ ಹಿಂದೆ, ನಾಲ್ಕನೆಯದರ ಮುಂದೆ ನನ್ನ ಒಂದು ಪೆಟ್ಟು. ನನ್ನ ಕೈ ಯಾವಾಗಲೂ ಚೂರು ತಡ. ನಲವತ್ತು ಸುತ್ತಿನಲ್ಲಿ ಎಷ್ಟು ಸಲ ತಡವಾಯಿತು, ಆ ಗಂಟೆಯ ಗುಣವೇನು ಎಂದು ಪ್ರತಿ ವಾರ ಡೈರಿಯಲ್ಲಿ ಬರೆಯುತ್ತಿದ್ದೆ. ಆ ಊರಿನಲ್ಲಿ ನಾನು ಬರದಿದ್ದರೆ ಗೊತ್ತಾಗುತ್ತಿದ್ದ ಜಾಗ ಅದೊಂದೇ. ವೀಸಾ ಮುಗಿದು ಹೊರಟಾಗ ಮುದುಕಿ, "ಮೂರರ ಜಾಗ ಖಾಲಿ ಬಿಟ್ಟೇ ಬಾರಿಸುತ್ತೇವೆ, ನೀನು ಬರುವ ತನಕ" ಎಂದರು. ಹಾಗೇ ಮಾಡಿದರು. ಒಂದು, ಎರಡು, ಒಂದು ಕ್ಷಣ ಮೌನ, ನಾಲ್ಕು. ಆ ಮೌನದಲ್ಲಿ ನಾನಿಲ್ಲಿ ಮೆಟ್ಟಿಲಿಗೆ ಬೆರಳಿನಿಂದ ಒಮ್ಮೆ ಬಡಿಯುತ್ತಿದ್ದೆ.

ಅಕ್ಟೋಬರಿನ ಕೊನೆಯ ಭಾನುವಾರ ಎರಡಕ್ಕೆ ಫೋನ್ ಬರಲಿಲ್ಲ. ಎರಡೂ ಹತ್ತಕ್ಕೆ ನಾನೇ ಮಾಡಿದೆ, ಎತ್ತಲಿಲ್ಲ. ಎರಡೂವರೆಯ ಹೊತ್ತಿಗೆ ಐದು ಸಲ ಮಾಡಿದ್ದೆ. ಮುದುಕಿಗೆ ಏನೋ ಆಗಿದೆ, ಗಂಟೆಗಳು ನಿಂತುಹೋಗಿವೆ ಎಂದೇ ಅಂದುಕೊಂಡೆ.

ಅಮ್ಮ ಕೆಳಗಿನಿಂದ ಕೂಗಿದಳು. "ಊಟ ಆರಿ ಅಕ್ಷತೆ ಆಯ್ತು ಕಣೇ. ಯಾವ ಮಹಾರಾಜ ಫೋನ್ ಮಾಡ್ಬೇಕು ನಿಂಗೆ?"

"ಗಂಟೆ ಕೇಳ್ಬೇಕಮ್ಮ. ಇವತ್ತು ಬಾರಿಸ್ತಾನೇ ಇಲ್ಲ."

"ಗಂಟೆ ಬೇಕಾದ್ರೆ ಬನಶಂಕರಿ ಗುಡಿಗೆ ಹೋಗು. ಕೈ ಸೋಲೋವರ್ಗೂ ಬಾರ್ಸು, ವೀಸಾನೂ ಕೇಳಲ್ಲ." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿದಳು. "ಅಯ್ಯೋ, ಅಳ್ತಿದೀಯಾ? ಅಲ್ಲಿ ಚಳಿಗಾಲಕ್ಕೆ ಅಂತ ಈ ತಿಂಗಳ ಕೊನೇಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರಲ್ಲೇ! ಹೋದ್ವರ್ಷ ನೀನು ದಿನಾ ಮಾಡೋ ಫೋನು ಒಂದು ಗಂಟೆ ತಡ ಆಗಿ, ನಾನೂ ಹಿಂಗೇ ಕೂತು ಅತ್ತಿದ್ದೆ. ನೀನೇ ಆಮೇಲೆ ಹೇಳ್ದೆ."

ನಿಜ. ಅಲ್ಲಿದ್ದಾಗ ಫೋನು ತಾನೇ ಸಮಯ ಬದಲಿಸಿಕೊಂಡಿತ್ತು, ಅದಕ್ಕೇ ನನ್ನ ಡೈರಿಯಲ್ಲಿ ಅದು ಇರಲಿಲ್ಲ. ಅಮ್ಮ ತಟ್ಟೆಯನ್ನು ಮೇಲಕ್ಕೇ ತಂದುಕೊಟ್ಟು ಪಕ್ಕದಲ್ಲಿ ಕೂತಳು.

ಸರಿಯಾಗಿ ಮೂರಕ್ಕೆ ಫೋನ್ ಬಂತು. ಒಂದು, ಎರಡು. ಬೆರಳು ಬಡಿದೆ. ನನ್ನ ಬೆರಳಿನ ಹಿಂದೆಯೇ ಫೋನಿನಿಂದ ಇನ್ನೊಂದು ಪೆಟ್ಟು ಬಿತ್ತು. ತಪ್ಪು ಕೇಳಿಸಿತೆಂದು ಮತ್ತೆ ಎಣಿಸಿದೆ. ಆರು. ಮುಂದಿನ ಸುತ್ತಿನಲ್ಲೂ ಆರು. ಬೆರಳನ್ನು ಮಡಿಚಿಕೊಂಡೆ.

"ಈಗ ಸಮಾಧಾನ ಆಯ್ತಾ?" ಎಂದಳು ಅಮ್ಮ.

"ಹೂಂ" ಎಂದೆ.

ಬಾರಿಸಿ ಮುಗಿದ ಮೇಲೆ ಮುದುಕಿ ಫೋನ್ ಎತ್ತಿಕೊಂಡರು. ಹಳ್ಳಿಗೆ ಹೊಸದಾಗಿ ಬಂದ ದನದ ಡಾಕ್ಟರಮ್ಮ ಬೇಸಿಗೆಯಿಂದ ಕಲಿಯುತ್ತಿದ್ದಾಳೆ ಎಂದರು. ಆಮೇಲೆ, "ನಿನಗೆ ಹೇಗೆ ಹೇಳಲಿ ಅಂತ ತಿಳಿಯಲಿಲ್ಲ. ಅವಳಿಗೂ ನಿನ್ನ ಹಾಗೇ ತಡವಾಗುತ್ತಿದೆ. ಮೂರನೆಯದರ ಗುಣವೆಲ್ಲ ನಿನ್ನ ಡೈರಿಯಲ್ಲಿದೆಯಲ್ಲ, ಕಳಿಸುತ್ತೀಯಾ?" ಎಂದರು. ಪ್ರತಿ ಸಲ ಫೋನ್ ಇಡುವಾಗ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರು. ಆ ದಿನ ಕೇಳಲಿಲ್ಲ.

ಮೂರು ದಿನ ಡೈರಿ ತೆರೆಯಲಿಲ್ಲ. ಜೆ.ಪಿ. ನಗರದ ಕ್ಲಿನಿಕ್ಕಿನಲ್ಲಿ ನನಗೀಗ ಕೆಲಸ. ಬುಧವಾರ ಊಟದ ಬಿಡುವಿನಲ್ಲಿ ಡೈರಿಯನ್ನು ಎದುರಿಗಿಟ್ಟುಕೊಂಡು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ: ಎರಡನೆಯ ಎಳೆತದಲ್ಲಿ ಆ ಗಂಟೆ ಸೋಮಾರಿ, ಹಗ್ಗವನ್ನು ಅರ್ಧ ಕ್ಷಣ ಮುಂಚೆ ಬಿಗಿಹಿಡಿಯಬೇಕು. ಮಳೆಯ ದಿನಗಳಲ್ಲಿ ಹಗ್ಗ ಬಿಗಿದುಕೊಳ್ಳುತ್ತದೆ. ಕಿವಿಯನ್ನು ನಂಬದೆ ಎರಡನೆಯವರ ಕೈ ನೋಡಬೇಕು. ಹನ್ನೆರಡು ಅಂಶಗಳಾದವು. ಆ ಹಗ್ಗದ ಬಳಿ ನಿಂತವರಿಗೆ ಮಾತ್ರ ಗೋಡೆಯ ಸೀಳಿನಲ್ಲಿ ಹೊಲದ ಗೇಟು, ಅದರಾಚೆಯ ಇಳಿಜಾರು ಕಾಣುತ್ತದೆ. ಅದನ್ನು ಬರೆಯಲಿಲ್ಲ. ಕಳಿಸಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಕೂತು ಕೇಳಿದೆ. ನಲವತ್ತು ಸುತ್ತಿನಲ್ಲಿ ಮೂರನೆಯದು ನಾಲ್ಕೇ ಸಲ ತಡವಾಯಿತು. ನಾನಿದ್ದಾಗ ಏಳಕ್ಕಿಂತ ಕಡಿಮೆಯಾಗಿದ್ದೇ ಇಲ್ಲ.