ಇಪ್ಪತ್ತೆರಡು ಇಂಚು ಎತ್ತರದ ಚಿಲಕ

೧೯೯೪ರಲ್ಲಿ, ಏಳನೇ ತರಗತಿಯ ನಡುವೆ ನಾನು ಶಾಲೆ ಬಿಟ್ಟು ಬಸವಕಲ್ಯಾಣದಲ್ಲಿ ಬಡಗಿ ಮಾವನ ಕೈಕೆಳಗೆ ರಂದಾ ಹಿಡಿದೆ. ನನ್ನನ್ನು ಯಾರೂ ಬಿಡಿಸಲಿಲ್ಲ. ಪುಸ್ತಕಕ್ಕಿಂತ ಕಟ್ಟಿಗೆ ನನಗೆ ಬೇಗ ಅರ್ಥವಾಗುತ್ತಿತ್ತು. ಈಗ ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅಂಥ ಉಸ್ತಾದ್ ೨೦೨೨ರಲ್ಲಿ ಹುಮನಾಬಾದಿನ ಒಂದು ಮನೆಯಲ್ಲಿ ಒಂದೇ ಚಿಲಕವನ್ನು ಎರಡು ಸಲ ಹಾಕಬೇಕಾಯಿತು.

ನನ್ನನ್ನು ಕರೆದವನು ಶಿವರಾಜ, ಆ ಮನೆಯ ಯಜಮಾನ. ಅವನ ತಮ್ಮ ಕಾಶೀನಾಥನಿಗೆ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ, ಕುಳಿತೇ ಸರಿದಾಡುತ್ತಾನೆ. ಮೊಬೈಲ್ ರಿಪೇರಿಯಲ್ಲಿ ಪಳಗಿದ ಕೈ. ಅವನ ಹೆಂಡತಿ ಸುನೀತಾ ಮನ್ನಾಏಖೇಳ್ಳಿಯವಳು. ಅವಳಿಗೆ ಪೋಲಿಯೋ, ಅವಳ ಓಡಾಟವೂ ನೆಲದ ಮೇಲೆಯೇ, ಬ್ಲೌಸ್ ಹೊಲಿಯುತ್ತಾಳೆ. ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಅವರ ಕೋಣೆಗೆ ಇದ್ದದ್ದು ಒಂದು ಪರದೆ ಮಾತ್ರ. ಅತ್ತೆ ಬರುವಳು, ಅಳತೆ ಕೊಡಲು ಓಣಿಯ ಹೆಂಗಸರು ಬರುವರು, ಮೊಬೈಲ್ ಹಿಡಿದು ಯಾರ‍್ಯಾರೋ ಬರುವರು. ಕೇಳಿ ಬರುವವರು ಒಬ್ಬರೂ ಇಲ್ಲ. ಒಂದು ದಿನ ಸುನೀತಾ ಸೀರೆ ಬದಲಿಸುವಾಗ ಯಾರೋ ಪರದೆ ಸರಿಸಿದರು. ಮರುದಿನವೇ ಅವಳು ತವರಿಗೆ ಹೋದಳು. ಒಳಗಿನಿಂದ ಹಾಕಿಕೊಳ್ಳುವ ಬಾಗಿಲಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದು ಹೇಳಿ ಕಳಿಸಿದಳು.

ಶಿವರಾಜ ಬಾಗಿಲಿಗೆ ಒಪ್ಪಿದ್ದ. ಚಿಲಕ ಮಾತ್ರ ಹೊರಗಿರಲಿ ಎಂದ.

“ಒಳಗ ಹಾಕ್ಕೊಂಡು ಬಿದ್ರ ಎತ್ತವರು ಯಾರ್ರಿ? ಇಬ್ರೂ ಏಳಂಗಿಲ್ಲ.”

ಕಾಶೀನಾಥ ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಅಣ್ಣಾ, ಹೋದ ವರ್ಷ ನೀ ಬಚ್ಚಲದಾಗ ಜಾರಿ ಬಿದ್ದಿದ್ದಿ. ಬಚ್ಚಲದ ಕೊಂಡಿ ಕಿತ್ತೀವೇನು?”

ಮಾತು ಖರೆ. ಅಣ್ಣನ ಹೆದರಿಕೆಯೂ ಸುಳ್ಳಲ್ಲ. ನಾನು ಒಂದು ದಾರಿ ಹೇಳಿದೆ. ಬಾಗಿಲು ಹೊರಗೆ ತೆರೆಯುವಂತೆ ಮಾಡಿದರೆ ಅದನ್ನು ಚೌಕಟ್ಟಿಗೆ ಹಿಡಿದಿಡುವ ಬಿಜಾಗರಿಗಳು ಹೊರಗಡೆ ಬರುತ್ತವೆ. ಅವುಗಳ ಮೂರು ಪಿನ್ ಬಡಿದು ಕಿತ್ತರೆ ಎರಡು ನಿಮಿಷದಲ್ಲಿ ಬಾಗಿಲೇ ಕೈಗೆ ಬರುತ್ತದೆ. ಆಪತ್ತಿಗೆ ಅಷ್ಟು ಸಾಕು. ಕದ್ದು ತೆಗೆಯಲಂತೂ ಆಗದು. ಸುತ್ತಿಗೆಯ ಸದ್ದು ಓಣಿಗೆಲ್ಲ ಕೇಳುತ್ತದೆ. ಬಾಗಿಲು ಕೂರಿಸಿದ ಮೇಲೆ ಶಿವರಾಜ ತಾನೇ ಪಿನ್ ಕಿತ್ತು ನೋಡಿ, ಚಿಲಕ ಒಳಗೇ ಇರಲಿ ಎಂದ.

ಸುದ್ದಿ ತಿಳಿದು ಸುನೀತಾ ಆಟೋದಲ್ಲಿ ಬಂದಳು. ಗಂಡ ಹೆಂಡತಿ ಒಳಗೆ ಹೋದರು, ನಾನೇ ಬಾಗಿಲು ಮುಂದೆ ಮಾಡಿದೆ. ಚಿಲಕದ ಸದ್ದಿಗೆ ಕಾದೆ, ಸದ್ದೇ ಇಲ್ಲ. ಆಮೇಲೆ ಒಳಗಿನಿಂದ ಅವಳ ದನಿ ಬಂತು.

“ಉಸ್ತಾದ್, ಚಿಲಕ ಛಂದ ಅದರಿ. ಹಾಕಲಾಕ ದಿನಾ ನಿಮ್ಮನ್ನೇ ಒಳಗ ಕರೀಬೇಕೇನ್ರಿ?”

ಅಂಗಳದಲ್ಲಿ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಚಿಕ್ಕ ಮಕ್ಕಳ ಕೈಗೆ ಸಿಗಬಾರದೆಂದು ಚಿಲಕವನ್ನು ಐದಡಿ ಎತ್ತರಕ್ಕೆ ಹಾಕುವುದು ನಮ್ಮ ರೂಢಿ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಬಾಗಿಲಿನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಹಾಕಿಕೊಳ್ಳುವವರ ಅಳತೆಯನ್ನು ನಾನು ತೆಗೆದೇ ಇರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕುಳಿತೆ. ಕಷ್ಟಪಟ್ಟು ಚಾಚಬೇಡಿ, ಸಹಜವಾಗಿ ಎಷ್ಟು ಏಳುತ್ತದೋ ಅಷ್ಟೇ ಕೈ ಎತ್ತಿ ಎಂದೆ. ಟೇಪಿನಲ್ಲಿ ನೆಲದಿಂದ ಸುನೀತಾಳ ಕೈ ಇಪ್ಪತ್ತೆರಡು ಇಂಚು, ಕಾಶೀನಾಥನದು ಇಪ್ಪತ್ತೈದು.

“ನಂದೇ ಹಿಡೀರಿ,” ಎಂದಳು ಸುನೀತಾ. “ಅವರು ಸ್ವಲ್ಪ ಬಗ್ಗಿದ್ರ ಏನೂ ಆಗಂಗಿಲ್ಲ.”

ಚಿಲಕ, ಹಿಡಿಕೆ ಎರಡನ್ನೂ ಕೆಳಗಿಳಿಸಿದೆ. ಮೇಲಿನ ತೂತುಗಳಿಗೆ ಕಟ್ಟಿಗೆ ಪುಡಿ ಕಲಸಿದ ಲಪ್ಪ ತುಂಬಿದೆ. ಕಲೆ ಉಳಿಯಿತು, ಉಳಿಯಲಿ ಎಂದು ಬಿಟ್ಟೆ.

ಈ ಸಲ ಚಿಲಕ ಬಿದ್ದ ಸದ್ದು ಅಂಗಳಕ್ಕೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅತ್ತೆ ಎರಡು ಕಪ್ ಚಹಾ ತಂದು, ದಿನದಂತೆ ನೇರ ಒಳಗೆ ಹೋಗಲು ಬಾಗಿಲು ಎಳೆದಳು. ಬರಲಿಲ್ಲ. ಬಾಗಿಲು ಕೆಟ್ಟಿತೇನೋ ಎಂಬಂತೆ ನನ್ನ ಮುಖ ನೋಡಿದಳು. ಬಡಿದು ನೋಡಿ ಎಂದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದಳು.

“ತಡೀರಿ ಅತ್ತಿ, ತೆಗೀತೀನಿ.”

ಅತ್ತೆ ಚಹಾ ಹಿಡಿದು ಹೊರಗೆ ನಿಂತಳು. ಎಂಟು ತಿಂಗಳಲ್ಲಿ ಆ ಕೋಣೆಯ ಮುಂದೆ ಯಾರಾದರೂ ನಿಂತದ್ದು ಅದೇ ಮೊದಲು. ಸುನೀತಾ ಮತ್ತೆ ತವರಿನ ಮಾತೆತ್ತಲಿಲ್ಲ.

ಇದಕ್ಕೆ ಕಾನೂನಿನಲ್ಲಿ ಖಾಸಗಿತನದ ಹಕ್ಕು ಎಂದು ಹೆಸರಿದೆಯಂತೆ, ಓದಿದವರು ಹೇಳಿದರು. ನನ್ನ ಕೆಲಸ ಕಲಿಸಿದ್ದು ಇಷ್ಟೇ: ಚಿಲಕ ಇದ್ದರಾಗಲಿಲ್ಲ, ಆ ಮನೆಯವರ ಕೈಗೆ ಎಟುಕಬೇಕು.

ಇಂದು ನನಗೆ ಸ್ವಂತ ಅಂಗಡಿ ಒಂದು, ಮಷಿನ್ ಎರಡು, ಕೆಲಸಗಾರರು ನಾಲ್ವರು, ಕುಳಿತವರ ಕೈ ಅಳೆದು ಚಿಲಕ ಹಾಕಿದ ಬಾಗಿಲುಗಳು ಹನ್ನೊಂದು.