ಅತ್ತೆಗೆ ಉಣಿಸಿದ ಹಾಡು

ಮೊಮ್ಮಗಳು ಗಿರಣಿಯಿಂದ ಜೋಳದ ಹಿಟ್ಟು ತಂದಿಟ್ಟಳು. ಕೈ ಹಾಕಿದರೆ ಇನ್ನೂ ಬಿಸಿ. ಆ ವಾಸನೆಗೆ ನೆನಪಾದದ್ದು ರೊಟ್ಟಿಯಲ್ಲ, ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ ಗಂಗವ್ವ. ಸತ್ತು ಎಷ್ಟೋ ವರ್ಷವಾಯಿತು. ಆದರೂ ಆ ಹೆಸರು ಇನ್ನೂ ಸುಡುತ್ತದೆ. ದುಃಖಕ್ಕಲ್ಲ, ಹೊಟ್ಟೆಕಿಚ್ಚಿಗೆ.

ಆಗ ನಿಜಾಮರ ಆಳ್ವಿಕೆ. ಕುಷ್ಟಗಿ ಸೀಮೆಯ ನಮ್ಮ ಮನೆಯಲ್ಲಿ ಅತ್ತೆಗೆ ಲಕ್ವಾ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ಬುದ್ಧಿಯೂ ಮಂಕಾಗಿತ್ತು. ಮೈ ಒರೆಸುವವಳು ನಾನು, ಹೊಲಸು ಬಳಿಯುವವಳು ನಾನು, ಕೌದಿಯನ್ನು ಹಳ್ಳಕ್ಕೆ ಹೊತ್ತು ಒಗೆಯುವವಳು ನಾನು. ಅಂಬಲಿಯ ಬಟ್ಟಲು ಹಿಡಿದು ಕೂತರೆ ಮಾತ್ರ ಮುದುಕಿ ಹಲ್ಲು ಕಚ್ಚಿ ಗೋಡೆಯ ಕಡೆ ಹೊರಳುತ್ತಿದ್ದಳು.

ಗಂಗವ್ವ ಬೀಸುಕಲ್ಲಿನ ಮುಂದೆ ಕೂತು ಹಾಡು ಎತ್ತಿದರೆ ಆ ಬಾಯಿ ತಾನಾಗಿ ತೆರೆಯುತ್ತಿತ್ತು. ಮಾತೇ ಸರಿಯಾಗಿ ಹೊರಡದವಳು ಸಾಲಿನ ಕೊನೆಗೆ ದನಿಗೂಡಿಸುತ್ತಿದ್ದಳು! ಇಬ್ಬರ ತವರೂ ಇರಕಲ್ಲಗಡ, ಹಾಡುವ ಧಾಟಿ ಒಂದೇ. ಗಂಗವ್ವ ಎದ್ದು ಬಂದು ಗುನುಗುತ್ತ ಉಣಿಸುತ್ತಿದ್ದಳು. ನೋಡಲು ಬಂದವರೆಲ್ಲ, "ಗಂಗವ್ವನ ಕೈಗುಣ ನೋಡ್ರಿ," ಎನ್ನುತ್ತಿದ್ದರು. ಹೊಲಸು ಬಳಿದ ಕೈಗೆ ಗುಣವಿಲ್ಲವೇ, ನೀವೇ ಹೇಳಿ.

ಒಂದು ದಿನ ನಾನೂ ಹಾಡಿದೆ. ನನ್ನ ದನಿ ಎಣ್ಣೆ ಕಾಣದ ಬಾವಿ ಗಡಗಡಿ. ಬಾಗಿಲಲ್ಲಿ ಮಲಗಿದ್ದ ಆಡು ಎದ್ದು ಹೋಯಿತು. ಅತ್ತೆ ಬಹಳ ದಿನಕ್ಕೆ ಸ್ಪಷ್ಟವಾಗಿ ಒಂದು ಮಾತಾಡಿದಳು: "ಸಾಕವ್ವ."

ಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ನೀ ಹಾಡಿದ್ದಕ್ಕ ಅತ್ತಿ ಮಾತರ ಆಡಿದ್ರಲ್ಲಕ್ಕ, ಛಲೋ ಆತು."

"ಹಲ್ಲು ಕಿಸಿಬ್ಯಾಡ. ಹಿಟ್ಟು ಸಾಣಿಸು."

ಗಂಗವ್ವ ಹೆರಿಗೆಗೆ ತವರಿಗೆ ಹೋದಳು. ಒಳಗೊಳಗೇ ಖುಷಿಯಾಯಿತು. ಆದರೆ ಅತ್ತೆ ಆ ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಕೆನ್ನೆ ಗುಳಿಬಿದ್ದವು. ಮುದುಕಿ ಉಪವಾಸ ಸತ್ತರೆ ಊರು ಯಾರನ್ನು ಅನ್ನುತ್ತದೆ? ನನ್ನನ್ನೇ.

ಮನೆಯಲ್ಲಿ ಹಿಟ್ಟೂ ಮುಗಿದಿತ್ತು. ಸಿಟ್ಟಿನಿಂದ ಬೀಸಲು ಕೂತೆ, ಬಾಯಿ ಬಿಚ್ಚಲಿಲ್ಲ. ಬರೀ ಕಲ್ಲಿನ ಸದ್ದು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ನಡುಗುವ ದನಿ ಎದ್ದಿತು. ಅತ್ತೆ ತಾನೇ ಹಾಡುತ್ತಿದ್ದಳು! ಬೀಸುವವಳ ಹೆಸರು ಸೇರಿಸಿ ಹರಸುವುದು ಆ ಹಾಡುಗಳ ರೂಢಿ. ಅವಳು ಸೇರಿಸಿದ್ದು ಗಂಗವ್ವನ ಹೆಸರು.

ಬಟ್ಟಲು ಹಿಡಿದು ಹೋದೆ. "ನಾ ಗಂಗವ್ವ ಅಲ್ರಿ ಅತ್ತಿ. ಹಿರೇ ಸೊಸಿ."

ಬಾಯಿ ಮುಚ್ಚಿತು.

"ಗಂಗವ್ವಾ?" ಎಂದಳು ಮತ್ತೆ.

ಸಿಟ್ಟು ನುಂಗಿಕೊಂಡೆ. "ಹೂಂನ್ರಿ. ನಾ ಗಂಗವ್ವನ."

ಬಟ್ಟಲು ಖಾಲಿಯಾಯಿತು. ಅಲ್ಲಿಂದ ದಿನಾ ಕಲ್ಲು ತಿರುವಿದವಳು ನಾನು, ಉಣಿಸಿದವಳು ನಾನು, ಹರಕೆ ಅವಳಿಗೆ.

ಗಂಗವ್ವ ಕೂಸು ಎತ್ತಿಕೊಂಡು ಬಂದಾಗ ಮೊದಲು ಅತ್ತೆಯ ಹತ್ತಿರವೇ ಕೂತಳು. "ಅತ್ತಿ, ನಾನ್ರಿ, ಗಂಗವ್ವ."

ಅತ್ತೆ ಅವಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಗಂಗವ್ವಾ, ಈಕಿ ಯಾರ?"

ಗಂಗವ್ವನ ಮುಖ ಸಪ್ಪಗಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಸಂಜೆಯತನಕವೂ ಅದು ಉಳಿಯಲಿಲ್ಲ. ಸಾಯುವತನಕ ಅತ್ತೆ ನನ್ನ ಕೈಯಲ್ಲೇ ಉಂಡಳು. ನನ್ನ ಹೆಸರು ಮಾತ್ರ ಒಮ್ಮೆಯೂ ಆ ಬಾಯಿಗೆ ಬರಲಿಲ್ಲ.

ಈಗಲೂ ಓಣಿಯಲ್ಲಿ ಯಾರಾದರೂ "ಗಂಗವ್ವಾ" ಎಂದು ಕೂಗಿದರೆ ನನ್ನ ಕತ್ತು ತಿರುಗುತ್ತದೆ. ನನ್ನ ಹೆಸರನ್ನು ಎರಡು ಸಲ ಕೂಗಬೇಕು. ಅಜ್ಜಿಗೆ ಕಿವಿ ಮಂದವಾಯಿತು ಎನ್ನುತ್ತಾಳೆ ಮೊಮ್ಮಗಳು. ಕಿವಿ ನೆಟ್ಟಗೇ ಇವೆ.