ಮೈರೋನನ ಮುಷ್ಟಿಗೆ ಸಿಕ್ಕ ಬಿಡುವು

ಐಸ್ ಹಾಕಿ ಆಟದಲ್ಲಿ ಮೈರೋನ್ ಹ್ರಿಚುಕ್ ಮಂಜುಗಡ್ಡೆಯ ಮೇಲೆ ಹಿಂದಕ್ಕೆ ಜಾರುವುದನ್ನು ನೋಡಬೇಕಿತ್ತು. ಎದುರಾಳಿ ಕೋಲಿನಿಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ನುಗ್ಗಿ ಬಂದರೆ, ಬೆನ್ನಿಗೂ ಕಣ್ಣಿದ್ದವನ ಹಾಗೆ ಹಿಂದೆ ಹಿಂದೆ ಸರಿಯುತ್ತ, ಮೆತ್ತಗೆ ಅವನನ್ನು ಗೋಡೆಯ ಕಡೆ ಒತ್ತಿಬಿಡುತ್ತಿದ್ದ. ಕೆನಡಾದ ಗೋಧಿ ಸೀಮೆಯಲ್ಲಿ, ಅಪ್ಪ ನೀರು ಹಾಯಿಸಿ ಹೆಪ್ಪುಗಟ್ಟಿಸಿದ ಹಿತ್ತಲಲ್ಲಿ ಕಲಿತ ವಿದ್ಯೆ ಅದು.

ಆದರೆ ಅವನ ಅನ್ನದ ದಾರಿಯಾದದ್ದು ಆ ವಿದ್ಯೆಯಲ್ಲ. ಮೊದಲ ತಂಡದ ಕೋಚ್ ಆಟ ನೋಡುವ ಮುಂಚೆ ಭುಜ ನೋಡಿದ. "ಡಿಫೆನ್ಸ್ ಅಂದ್ರೆ ಏನ್ ಗೊತ್ತೇನೋ? ನಮ್ ಹುಡುಗ್ರ ಮೈ ಮುಟ್ಟಿದೋನ ಹಲ್ಲು ಉದುರ್ಸೋದು. ಪಕ್ಕಿನ ಚಿಂತೆ ನಿಂಗ್ಯಾಕೆ?" ಅಂದ. ಅಲ್ಲಿಂದ ವರ್ಷಗಟ್ಟಲೆ ಸಣ್ಣ ಲೀಗಿನ ಬಸ್ಸುಗಳಲ್ಲಿ ಊರೂರು ಅಲೆದು ಮೈರೋನ್ ಹೊಡೆದ, ಹೊಡೆಸಿಕೊಂಡ. ಮೂಗು ಸೊಟ್ಟಗಾಯಿತು. ಅಲ್ಲಿನ ಹಾಕಿಯಲ್ಲಿ ಗುದ್ದಾಟವೂ ಆಟದ ಭಾಗ, ಕೈಗವಸು ಕಿತ್ತೆಸೆದರೆ ಅದಕ್ಕೆ ಕರೆ ಕೊಟ್ಟ ಹಾಗೆ. ಜನ ಅವನ ಹೆಸರು ಕೂಗಿ ಕುಣಿಯುತ್ತಿದ್ದರು. ಪಂದ್ಯದ ದಿನ ಮಾತ್ರ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದ. ಹೆಂಡತಿ ಕೊಲೀನ್‌ಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದಳು.

ಮೂವತ್ತು ದಾಟಿದ ಮೇಲೆ ಕರೆಯುವವರಿಲ್ಲದಾದರು. ಕೊನೆಗೆ ಫಿನ್ಲೆಂಡಿನ ಒಂದು ಕಾಗದದ ಗಿರಣಿಯ ಊರಿನಿಂದ ಕರೆ ಬಂತು. ಇಬ್ಬರೂ ಹೊರಟರು.

ಮೊದಲ ಪಂದ್ಯದಲ್ಲೇ ಎದುರಾಳಿಯೊಬ್ಬ ಇವರ ಗೋಲ್‌ಕೀಪರ್‌ಗೆ ಕೋಲಿನಿಂದ ಬಾರಿಸಿದ. ಮೈರೋನ್ ಕೈಗವಸು ಕಿತ್ತೆಸೆದು ಹೋಗಿ ಅವನ ಕೊರಳಪಟ್ಟಿ ಹಿಡಿದ. ಆ ಮನುಷ್ಯ ಕೈ ಇಳಿಬಿಟ್ಟುಕೊಂಡು, ಹುಚ್ಚನನ್ನು ನೋಡುವ ಹಾಗೆ ನೋಡಿದ. ರೆಫ್ರಿ ಮೈರೋನನನ್ನು ಹೊರಗೆ ಕಳಿಸಿದ.

ಪಂದ್ಯ ಮುಗಿದ ಮೇಲೆ ಮುದಿ ಕೋಚ್ ತೌನೋ ಬಟ್ಟೆ ಬದಲಿಸುವ ಕೋಣೆಗೆ ಬಂದ. "ಏನಪ್ಪಾ, ಕೈಗವಸು ಜಾರಿ ಬಿತ್ತಾ?"

"ಅವ್ನು ನಮ್ಮೋನಿಗೆ ಹೊಡ್ದ. ನಾನು ಸುಮ್ನಿರ್ಬೇಕಿತ್ತಾ?"

"ಅದನ್ನ ನೋಡ್ಕೊಳ್ಳೋಕೆ ರೆಫ್ರಿ ಇಲ್ವಾ? ನಿನ್ನ ಹಳೇ ಆಟದ ವಿಡಿಯೋ ಎಲ್ಲಾ ನೋಡಿದೀನಿ. ಏನ್ ಚೆನ್ನಾಗಿ ಹಿಂದಕ್ಕೆ ಜಾರ್ತೀಯ ಮಾರಾಯ! ಮಧ್ಯ ಮಧ್ಯ ಗುದ್ದಾಟ ಬರ್ತಿತ್ತು, ಅದನ್ನ ನೋಡ್ದೆ ಮುಂದಕ್ಕೆ ಓಡಿಸ್ಬಿಟ್ಟೆ."

"ಹಂಗಾದ್ರೆ... ನಾನು ಹೊಡೀಲೇಬಾರ್ದಾ?"

"ಯಾಕೆ, ಆಸೆನಾ?"

ಮೈರೋನ್ ಇಲ್ಲವೆಂದು ತಲೆಯಾಡಿಸಿದ. ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ಆ ದೊಡ್ಡ ಭುಜಗಳು ಅಲುಗುತ್ತಿದ್ದವು. ತೌನೋ ಗೋಡೆಯ ಕಡೆ ತಿರುಗಿ, ನೇತುಹಾಕಿದ್ದ ಅಂಗಿಗಳನ್ನು ಸುಮ್ಮಸುಮ್ಮನೆ ಸರಿಪಡಿಸುತ್ತ ನಿಂತ.

ಮುಂದಿನ ಪಂದ್ಯದ ದಿನ ಮಧ್ಯಾಹ್ನ ಕೊಲೀನ್ ಅಂಗಡಿಯಿಂದ ಬಂದಾಗ ಬಚ್ಚಲಲ್ಲಿ ನಲ್ಲಿಯ ಸದ್ದಿರಲಿಲ್ಲ. ಗಂಡ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಗಾಬರಿಯಾಗಿ ಅಲುಗಾಡಿಸಿದಳು.

"ಏಯ್, ಏನಾಯ್ತು? ಜ್ವರಾನಾ?"

"ನಿದ್ದೆ ಕಣೇ. ಬಿಡು."

"ಇವತ್ತು ಮ್ಯಾಚು!"

"ಹೂಂ. ಆಮೇಲೆ ಎಬ್ಬಿಸು. ಆಲೂಗಡ್ಡೆ ಏನಾದ್ರೂ ಬೇಯ್ಸಿಡು, ಹಸಿವು."

ಅವಳು ಅಡುಗೆಮನೆಗೆ ಹೋಗಿ, ಕೋಟನ್ನೂ ತೆಗೆಯದೆ, ಒಬ್ಬಳೇ ನಕ್ಕಳು. ಆಮೇಲೆ ಇದ್ದಬದ್ದ ಆಲೂಗಡ್ಡೆಯನ್ನೆಲ್ಲ ಪಾತ್ರೆಗೆ ಹಾಕಿದಳು.

ಮೈರೋನ್ ಆ ಊರಿಗಾಗಿ ಆರು ಚಳಿಗಾಲ ಆಡಿದ. ಮಂಡಿ ಸೋತಾಗ ಬೇಸರವಿಲ್ಲದೆ ನಿಲ್ಲಿಸಿದ, ವಾಪಸು ಹೋಗಲಿಲ್ಲ. ಈಗ ಶನಿವಾರಗಳಂದು ತೌನೋ ಜೊತೆ ಸೌನಾ ಎಂಬ ಬಿಸಿ ಹಬೆಯ ಕೋಣೆಯಲ್ಲಿ ಬೆವರುತ್ತ ಕೂರುತ್ತಾನೆ. ಮುದುಕ ಹಳೆಯ ಪಂದ್ಯಗಳನ್ನು ತಪ್ಪುತಪ್ಪಾಗಿ ಹೇಳುತ್ತಾನೆ. ಮೈರೋನ್ ತಿದ್ದುವುದಿಲ್ಲ, ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹಾಕುತ್ತಾನೆ.